ನಾಲಿಗೆಯಲ್ಲಿ ಒಣಗಿಸಿದ ಕಟ್ಟಿಗೆ

ಹಸಿ ಕಟ್ಟಿಗೆಯನ್ನು ಒಣ ಕಟ್ಟಿಗೆಯೆಂದು ದೇವದುರ್ಗದ ಮದುವೆ ಮನೆಗೆ ಕಳಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಈ ಸಂಗತಿ ಹೇಳುವವರೆಲ್ಲ ಕೇಳುವವರನ್ನು ಕೊನೆಯವರೆಗೆ ಕಾಯಿಸಿ, ಆಮೇಲೆ ನನ್ನ ಕಡೆ ಬೆರಳು ತೋರಿಸುತ್ತಾರೆ. ಅವರಿಗೆ ಆ ಸುಖ ನಾನ್ಯಾಕೆ ಕೊಡಲಿ? ಲಾಭಕ್ಕೆಂದು ಮಾಡಿದ್ದಲ್ಲ, ದ್ವೇಷಕ್ಕೂ ಅಲ್ಲ. ನಾಲಿಗೆ ಸುಮ್ಮನಿರಲಿಲ್ಲ, ಅಷ್ಟೇ.

ಅಡ್ಡೆ ನನ್ನ ಸೋದರಮಾವನದು. ರಾಯಚೂರಿನಿಂದ ಮಾನ್ವಿ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಎಡಕ್ಕೆ ಸಿಗುತ್ತದೆ. ಸುತ್ತ ತಗಡಿನ ಬೇಲಿ, ನಡುವೆ ಒಂದು ಬೇವಿನ ಮರ, ಮರದ ಕೆಳಗೆ ಹಗ್ಗದ ಹೊರಸು. ಮಿಕ್ಕ ಜಾಗದಲ್ಲೆಲ್ಲ ಕಟ್ಟಿಗೆ. ಡಿಗ್ರಿ ಮುಗಿಸಿದ ಮೇಲೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇನೆಂದು ಹೇಳಿಕೊಂಡು ಆ ಹೊರಸಿನ ಮೇಲೆ ಮಲಗುವವನು ನಾನು. ಪುಸ್ತಕ ಎದೆಯ ಮೇಲಿರುತ್ತಿತ್ತು. ಓದಿದ್ದು ಪುಸ್ತಕಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಯಾವ ದನಿ ಕೇಳಿದರೂ ಅದನ್ನು ತಿರುಗಿ ಮಾಡುವುದು.

ಕಟ್ಟಿಗೆಯಲ್ಲಿ ಮುಕ್ಕಾಲು ಪಾಲು ಜಾಲಿ. ನಾವು ಅದನ್ನು ಬಳ್ಳಾರಿ ಜಾಲಿ ಎನ್ನುತ್ತೇವೆ. ಬಳ್ಳಾರಿಯವರು ಯಾವ ಊರಿನ ತಲೆಗೆ ಕಟ್ಟುತ್ತಾರೋ ತಿಳಿಯದು. ಹೊಲದ ಬದುವಿನಲ್ಲಿ ಒಂದು ಹುಟ್ಟಿದರೆ ಮೂರು ವರ್ಷಕ್ಕೆ ಹೊಲವೇ ಅದರದ್ದಾಗುತ್ತದೆ. ಆಗ ಕುರ್ಡಿಯಿಂದಲೋ ಚಂದ್ರಬಂಡದಿಂದಲೋ ಹೊಲದವರು ಮಾವನಿಗೆ ಫೋನು ಮಾಡುತ್ತಾರೆ. ಮಾವ ತನ್ನ ಮಷಿನ್ ಗರಗಸ, ಪೆಟ್ರೋಲಿಗೆ ಆಯಿಲ್ ಬೆರೆಸಿದ ಒಂದು ಬಾಟಲಿ, ಸರಪಳಿಯ ಹಲ್ಲು ಮಸೆಯುವ ಸಣ್ಣ ಅರ, ಇಷ್ಟನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಹೋಗುತ್ತಾನೆ. ಆ ಮಷಿನ್ನಿಗೂ ಮಾವನಿಗೂ ಹೋಲಿಕೆಯಿದೆ. ಬೆಳಿಗ್ಗೆ ಹಗ್ಗ ಎಳೆದರೆ ಮೂರು ಸಲ ಕೆಮ್ಮಿ, ನಾಲ್ಕನೆಯ ಸಲ ಎಲ್ಲರನ್ನೂ ಬೈಯಲು ಶುರು ಮಾಡುತ್ತದೆ. ನಾನು ಇಬ್ಬರದೂ ಮಾಡುತ್ತೇನೆ. ಒಮ್ಮೆ ಬೇಲಿಯ ಹಿಂದೆ ಕೂತು ಮಷಿನ್ನಿನ ಕೆಮ್ಮು ಮಾಡಿದಾಗ ಮಾವ ಊಟದ ತಟ್ಟೆ ಬಿಟ್ಟು ಓಡಿಬಂದು, "ಯಾವನ್ಲೇ ಅದನ್ನ ಮುಟ್ಟಿದಾಂವ? ಸರಪಳಿ ಸಡ್ಲ ಅದ, ಬೆರಳು ಹೋಗ್ತಾವ!" ಎಂದು ಕೂಗಿದ್ದ. ಮಷಿನ್ನು ಗೋಣಿಚೀಲದೊಳಗೆ ತಣ್ಣಗಿತ್ತು. ಬೆರಳಿನ ಬದಲು ನನ್ನ ಕಿವಿ ಹೋಗುವುದರಲ್ಲಿತ್ತು.

ಮಷಿನ್ನು ಕೊಯ್ಯುವುದು ಬೊಡ್ಡೆಯನ್ನು ಮಾತ್ರ. ಅದಕ್ಕೂ ಮೊದಲು ಮುಳ್ಳಿನ ಕೊಂಬೆಗಳನ್ನು ಕುಡುಗೋಲಿನಿಂದ ಸವರಿ, ಉದ್ದನೆಯ ಕವೆಗೋಲಿನಿಂದ ಎಳೆದು ದಾರಿ ಮಾಡಿಕೊಳ್ಳಬೇಕು. ಜಾಲಿ ಮುಳ್ಳು ರಬ್ಬರ್ ಚಪ್ಪಲಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ಮಾವ ಟೈರಿನ ಚಪ್ಪಲಿ ಹಾಕುತ್ತಾನೆ. ನಾನು ಮೊದಲ ದಿನ ಹೊಸ ಸ್ಪೋರ್ಟ್ಸ್ ಬೂಟು ಹಾಕಿಕೊಂಡು ಹೋಗಿದ್ದೆ. ಬರುವಾಗ ಬೂಟು ಕೈಯಲ್ಲಿತ್ತು, ಮುಳ್ಳು ಕಾಲಲ್ಲಿತ್ತು. ಆಮೇಲೆ ಮಾವ ನನ್ನನ್ನು ಜಾಲಿ ಕಡಿಯಲು ಕರೆದೊಯ್ಯುವುದನ್ನು ಬಿಟ್ಟು, "ನೀ ಅಡ್ಡಾ ಕಾಯಿ" ಎಂದ. ಕಟ್ಟಿಗೆಯನ್ನು ಯಾರು ಕದಿಯುತ್ತಾರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಡ್ಡೆಯಲ್ಲಿ ಕಟ್ಟಿಗೆ ಸೀಳುವ ಕೆಲಸ ಒಬ್ಬ ಕಾಕಾನದು. ಯರಗೇರಾದಿಂದ ಮೊದಲ ಬಸ್ಸಿಗೆ ಬರುತ್ತಾನೆ. ಬಸ್ಸಿನ ತುಂಬ ಕಾಲೇಜಿಗೆ ಹೋಗುವವರು, ನಡುವೆ ಕಾಕಾ ಮತ್ತು ಅವನ ಕೊಡಲಿ. ಅದರ ಹಿಡಿಕೆ ಕರಿಜಾಲಿಯ ಕಾವು, ಹಿಡಿದು ಹಿಡಿದು ಎಮ್ಮೆಯ ಕೊಂಬಿನಂತೆ ನುಣುಪಾಗಿದೆ. ಬೇಸಿಗೆಯಲ್ಲಿ ಕಾವು ಒಣಗಿ ಸಡಿಲಾದರೆ ಊಟಕ್ಕೆ ಕೂರುವ ಮುಂಚೆ ಕೊಡಲಿಯನ್ನು ತಲೆಕೆಳಗಾಗಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸುತ್ತಾನೆ. ಕಾವು ಉಬ್ಬಿ ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಗಂಟು ಬಂದರೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾನೆ. ಏಟು ಬಿದ್ದ ಮೇಲೆ ಅವನ ಎದೆಯಿಂದ "ಹ್ಹಕ್" ಎಂದು ಒಂದು ಉಸಿರು ಬರುತ್ತದೆ. ಆ ಹ್ಹಕ್ಕನ್ನು ನಾನು ಒಂದೇ ವಾರಕ್ಕೆ ಕಲಿತೆ. ಕೊಡಲಿ ಎತ್ತಿ ಹೊಡೆದು, ಹ್ಹಕ್ ಎಂದೆ. ಕೊಡಲಿ ಕಟ್ಟಿಗೆಯಲ್ಲಿ ಕಚ್ಚಿಕೊಂಡು ನಿಂತಿತು.

"ದನಿ ಚೊಲೋ ಬಂದದ," ಎಂದ ಕಾಕಾ. "ಕಟ್ಟಿಗಿಗಿ ಇನ್ನಾ ಕೇಳಿಸಿಲ್ಲ ಕಾಣ್ತದ. ಕಿವಿ ಸನೇಕ ಹೋಗಿ ಹೇಳು."

ಕಟ್ಟಿಗೆ ಒಣಗಿದೆಯೋ ಇಲ್ಲವೋ ಎಂದು ನೋಡಲು ಹಲವು ದಾರಿಗಳಿವೆ. ತೊಗಟೆ ಎದ್ದು ಬರುತ್ತದೆ, ಕೊಯ್ದ ತುದಿಯಲ್ಲಿ ಬಿರುಕು ಬಿಡುತ್ತದೆ, ಎತ್ತಿದರೆ ಹಗುರ. ಆದರೆ ನಮ್ಮಲ್ಲಿ ಕೊಳ್ಳುವವರು ನಂಬುವುದು ಕಿವಿಯನ್ನು. ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿಯಬೇಕು. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಿದ್ದರೆ ದಬ್. ಬಡಿದು ಒಪ್ಪಿಗೆಯಾದ ಮೇಲೆ ಆ ಎರಡು ತುಂಡುಗಳನ್ನು ಅದೇ ಒಟ್ಟಿಲಿನ ಮೇಲೆ ಅಡ್ಡಡ್ಡ ಕತ್ತರಿಯಂತೆ ಇಡುತ್ತಾರೆ. ಕತ್ತರಿ ಬಿತ್ತೆಂದರೆ ಆ ಒಟ್ಟಿಲು ಹೋಯಿತು. ಗಾಡಿಗೆ ಹೇರುವವರು ಮತ್ತೆ ಯಾರನ್ನೂ ಕೇಳುವುದಿಲ್ಲ.

ಮಾನ್ವಿಯಲ್ಲಿ ಒಬ್ಬರು ಖಾಲಾ, ಅಂದರೆ ಚಿಕ್ಕಮ್ಮ, ಇದ್ದಾರೆ. ಅಡುಗೆಯವರು. ಮಾವನಿಗಿಂತ ದೊಡ್ಡವರು, ಅವನೂ ಅವರನ್ನು ಖಾಲಾ ಎಂದೇ ಕರೆಯುತ್ತಾನೆ. ತಂಗಿಯನ್ನು ಜೊತೆಗಿಟ್ಟುಕೊಂಡು ನಾಮಕರಣ, ನಿಶ್ಚಯ, ಮನೆಯ ಮಟ್ಟದ ದಾವತ್ತುಗಳಿಗೆ ಬಿರಿಯಾನಿ ಮಾಡಿಕೊಡುತ್ತಿದ್ದರು. ಕಟ್ಟಿಗೆ ನಮ್ಮದೇ ಆಗಬೇಕು. ಪ್ರತಿ ಸಲ ರಾಯಚೂರಿಗೆ ಬರುವುದು ಯಾಕೆಂದು ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಫೋನು ಮಾಡಿ, "ಬಡದು ಕೇಳಸು" ಎನ್ನುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಅದರ ಮುಂದೆ ಎರಡು ತುಂಡು ಬಡಿಯಬೇಕು. ಆ ಕಡೆ ಮಾನ್ವಿಯಲ್ಲಿ ಕೂತು ಅವರು, "ಅದು ಬ್ಯಾಡ, ಒಳಗ ನೀರದ. ಬ್ಯಾರೇದು ಬಡಿ" ಎನ್ನುತ್ತಿದ್ದರು. ಅವರು ತಪ್ಪಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಆ ಮಧ್ಯಾಹ್ನ ಮಾವ ಎರಡು ದಿನದ ಕೆಲಸಕ್ಕೆ ಕುರ್ಡಿಗೆ ಹೋಗಿದ್ದ, ಕಾಕಾ ಆಚೆ ಮೂಲೆಯಲ್ಲಿ ಉಣ್ಣುತ್ತಿದ್ದ. ಮಾವನ ಅಡ್ಡೆಯ ಫೋನು ನನ್ನ ಎದೆಯ ಮೇಲೆ, ಪುಸ್ತಕದ ಮೇಲೆ, ಬಡಿದುಕೊಂಡಿತು.

"ಬೇಟಾ, ನಾಳಿ ದೇವದುರ್ಗದಾಗ ಶಾದಿ ಅದ," ಎಂದರು ಖಾಲಾ. "ಮಧ್ಯಾಹ್ನ ಜೋಹರ್ ನಮಾಜ್ ಮುಗೀತಂದ್ರ ಮಂದಿ ಊಟಕ್ಕ ಕೂಡ್ತದ. ಇವತ್ತೇ ಲೋಡ್ ಕಳಸು. ಪೂರಾ ಒಣಾ ಇರಬೇಕು. ಮೊದಲ್ನೇ ಸಲ ನನಗ ಶಾದಿ ಅಡಗಿ ಕೊಟ್ಟಾರ, ಗೊತ್ತದನು? ಯಾವಾಗ್ಲೂ ಗಂಡಸ್ರಿಗೇ ಕೊಡ್ತಾರ. ಹುಡುಗಿ ತಾಯಿ ಹಟ ಹಿಡದು ನನಗ ಕೊಡ್ಸ್ಯಾಳ. ಹುಡುಗಿ ದೊಡ್ಡಪ್ಪಗ ಮನಸ್ಸಿಲ್ಲ. ಅನ್ನಕ್ಕ ಹೊಗಿ ವಾಸನಿ ಹತ್ತಬಾರದು. ಬಡಿ."

ಒಣ ಒಟ್ಟಿಲು ಇದ್ದದ್ದು ಬೇಲಿಯ ಆ ತುದಿಯಲ್ಲಿ, ತಾಡಪಾಲಿನ ಕೆಳಗೆ. ನಡುವೆ ರಾಯಚೂರಿನ ಬಿಸಿಲು. ನನ್ನ ಕೈಗೆಟುಕುವಲ್ಲಿ ಇದ್ದದ್ದು ಎರಡು ದಿನದ ಹಿಂದೆ ಬಂದ ಹಸಿ ಒಟ್ಟಿಲು. ಕಳಿಸುವುದು ಒಣದನ್ನೇ ಅಲ್ಲವೇ, ದನಿ ಇಲ್ಲಿಂದಲೇ ಕೊಟ್ಟರಾಯಿತು ಎಂದುಕೊಂಡೆ. ಹೊರಸಿನಿಂದ ಏಳದೆ ಎರಡು ಹಸಿ ತುಂಡು ಎಳೆದುಕೊಂಡು, ಸದ್ದಾಗದಂತೆ ಮುಟ್ಟಿಸಿ, ನಾಲಿಗೆಯನ್ನು ಅಂಗುಳಿಗೆ ಹೊಡೆದು ಬಿಟ್ಟೆ: ಟಣ್.

"ಇನ್ನೊಮ್ಮಿ."

ಟಣ್.

"ದಪ್ಪಂದು ಬಡಿ."

ತುಟಿಯನ್ನು ಮುಂದೆ ಚಾಚಿ, ಗಲ್ಲ ಉಬ್ಬಿಸಿ ಇನ್ನೊಂದು ತೆಗೆದೆ. ದಪ್ಪ ಬೊಡ್ಡೆಯ ದನಿ, ಕೊನೆಗೆ ಸಣ್ಣ ಗುಂಯ್ ಸಹಿತ. ಆ ಗುಂಯ್ ಬೇಕಿರಲಿಲ್ಲ. ಕಲೆ ಬಂದಾಗ ತಡೆಯಲು ನನಗೆ ಆಗುವುದಿಲ್ಲ.

"ಮಾಶಾ ಅಲ್ಲಾ," ಎಂದರು ಖಾಲಾ. "ಇದನ್ನೇ ಹಾಕು ಬೇಟಾ. ಬ್ಯಾರೇದು ಹಾಕಬ್ಯಾಡ."

ಮಾನ್ವಿಯ ಆ ಕಿವಿಯನ್ನು ನಾನು ಗೆದ್ದಿದ್ದೆ. ಆ ಖುಷಿಯಲ್ಲಿ ಕೈ ತನ್ನ ರೂಢಿಯಂತೆ ನಡೆಯಿತು: ಎರಡು ಹಸಿ ತುಂಡುಗಳನ್ನು ಅಲ್ಲೇ, ಹಸಿ ಒಟ್ಟಿಲಿನ ಮೇಲೆ, ಕತ್ತರಿಯಾಗಿ ಇಟ್ಟಿತು. ಕಾಕಾನಿಗೆ, "ಖಾಲಾರ ಲೋಡು, ದೇವದುರ್ಗಕ್ಕ, ಕತ್ತರಿ ಇಟ್ಟೀನಿ ನೋಡು" ಎಂದು ಕೂಗಿ, ರಸ್ತೆಯಾಚೆಯ ಚಹಾ ಅಂಗಡಿಗೆ ಓಡಿದೆ. ಅಲ್ಲಿ ಖಾಲಾರ ಮಾತು, ನನ್ನ ಟಣ್, ಮತ್ತೆ ಖಾಲಾರ ಮಾತು ಎಂದು ಇಡೀ ಪ್ರಸಂಗ ಎರಡು ಸಲ ಆಡಿ ತೋರಿಸಿದೆ. ಅಲ್ಲಿಂದಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಬಂದಾಗ ತಾಡಪಾಲು ಹಾಗೇ ಇತ್ತು. ಅದರ ಕೆಳಗೆ ಒಣ ಕಟ್ಟಿಗೆಯೂ ಹಾಗೇ ಇತ್ತು. ಹೊರಸಿನ ಪಕ್ಕದಲ್ಲಿ ಮಾತ್ರ ಬರೀ ನೆಲ, ಒಂದಿಷ್ಟು ತೊಗಟೆ.

"ಕಾಕಾ, ಖಾಲಾರಿಗಿ ಯಾವ್ದು ಹೇರಿದಿ?"

"ಕತ್ತರಿ ಇದ್ದದ್ದು."

"ಅದು ಹಸಿ ಕಾಕಾ!"

"ಭಾರ ಆತು. ನನಗೂ ಅನಿಸ್ತು."

"ಅನಿಸಿದ್ರ ಕೇಳಬಾರದನು?"

"ಕತ್ತರಿ ಇಟ್ಟಾಂವ ಡಿಗ್ರಿ ಓದ್ಯಾನ," ಎಂದ ಕಾಕಾ. "ನಾ ಏನಂತ ಕೇಳಲಿ?"

ಖಾಲಾರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಲೋಡು ಒಯ್ದಿದ್ದ ಗೂಡ್ಸ್ ಗಾಡಿಯವನಿಗೆ ಮಾಡಿದೆ, ಅವನು ದೇವದುರ್ಗದಲ್ಲಿ ಇಳಿಸಿ ಅಲ್ಲಿಂದಲೇ ತನ್ನೂರಿಗೆ ಹೋಗಿದ್ದ. ಕಾಕಾ ಒಣ ಕಟ್ಟಿಗೆಯ ಎರಡು ಹೊರೆ ಕಟ್ಟಿದ. ತನ್ನ ಕೊಡಲಿಯ ಬಾಯಿಗೆ ಗೋಣಿತಟ್ಟು ಸುತ್ತಿ ನನ್ನ ಕೈಗೆ ಕೊಟ್ಟ. ಆ ಕೊಡಲಿಯನ್ನು ಅವನು ಇನ್ನೊಬ್ಬರಿಗೆ ಕೊಟ್ಟದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಸಂಗತಿ ಎಷ್ಟು ಕೆಟ್ಟಿದೆಯೆಂದು ನನಗೆ ತಿಳಿದದ್ದು ಆಗ.

ದೇವದುರ್ಗದ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ತಡೆದ.

"ಏನಿದು?"

"ಕಟ್ಟಿಗಿ ರೀ."

"ಕಾಣ್ತದ. ಯಾರು ಸತ್ತಾರ?"

"ಇನ್ನೂ ಯಾರೂ ಸತ್ತಿಲ್ರಿ. ಮಧ್ಯಾಹ್ನದೊಳಗ ನಾನೇ ಸಾಯಾಂವ."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. "ಹಿಂದಿನ ಸೀಟಿನ ಕೆಳಗ ತಳ್ಳು. ಸತ್ತ ಮ್ಯಾಲ ಟಿಕೆಟ್ ಕೇಳಾಕ ಬರಲ್ಲ, ಈಗೇ ತಗೋ."

ಗಬ್ಬೂರು ದಾಟುವವರೆಗೂ ಆ ಕಂಡಕ್ಟರನ ದನಿ ಮನಸ್ಸಿನಲ್ಲೇ ಮಾಡುತ್ತಿದ್ದೆ. ಮೂಗಿನಿಂದ ಬರುವ ದನಿ, ಚೆನ್ನಾಗಿತ್ತು. ಆಮೇಲೆ ಅದೂ ನಿಂತುಹೋಯಿತು.

ಮದುವೆ ಮನೆ ಹುಡುಕಲು ಯಾರನ್ನೂ ಕೇಳಬೇಕಾಗಲಿಲ್ಲ. ಪೆಂಡಾಲಿನ ಹಿಂದಿನ ಖಾಲಿ ಜಾಗದಿಂದ ಹಳದಿ ಹೊಗೆ ಎದ್ದು ಓಣಿಯ ತುಂಬ ಮಲಗಿತ್ತು. ನೆಲದಲ್ಲಿ ತೋಡಿದ ಮೂರು ಒಲೆ, ಅವುಗಳ ಮೇಲೆ ದೇಗ್ ಎನ್ನುವ ಮೂರು ದೊಡ್ಡ ತಾಮ್ರದ ಪಾತ್ರೆಗಳು. ಒಲೆಯೊಳಗೆ ನನ್ನ ಕಟ್ಟಿಗೆ. ತುದಿಗಳಲ್ಲಿ ನೊರೆ ಬಂದು ಸುಯ್ ಎನ್ನುತ್ತಿತ್ತು. ಖಾಲಾರ ಕಣ್ಣು ಕೆಂಡವಾಗಿದ್ದವು. ಒಲೆಗಿಂತ ಅವೇ ಬಿಸಿಯಿದ್ದವು.

ಅವರು ನನ್ನನ್ನು ನೋಡಿದರು, ಹೊರೆ ನೋಡಿದರು, ಕೊಡಲಿ ನೋಡಿದರು.

"ಫೋನ್ನಾಗ ಬಡದಾಂವ ಯಾರು?"

"ನಾನೇ ರೀ ಖಾಲಾ."

"ಯಾವ ಕಟ್ಟಿಗಿ ಬಡದಿ?"

"ನಾಲಿಗಿ ರೀ."

"ಕ್ಯಾ?"

ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭವೆನಿಸಿ, ಮಾಡಿದೆ: ಟಣ್. ಖಾಲಾರ ತಂಗಿ ಈರುಳ್ಳಿ ಹೆಚ್ಚುವುದು ಬಿಟ್ಟು ಕತ್ತೆತ್ತಿ ಎಲ್ಲಿಂದ ಬಂತೆಂದು ಸುತ್ತ ನೋಡಿದಳು. ಖಾಲಾ ನಗಲಿಲ್ಲ. ಕಬ್ಬಿಣದ ಊದುಗೊಳವೆಯನ್ನು ನನ್ನ ಕೈಗಿಟ್ಟರು.

"ಬಾಯಿ ಚೊಲೋ ಅದ. ಊದು."

ಮಾಫಿ ಕೇಳಲು ಬಸ್ಸಿನಲ್ಲಿ ಒಂದು ಉದ್ದನೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಶುರು ಮಾಡಿದೆ. "ನಕ್ಕೋ, ಬ್ಯಾಡ," ಎಂದರು ಖಾಲಾ. "ಆ ಗಾಳಿ ಸೈತ ಒಲಿಗೇ ಹಾಕು."

ಊದಿದೆ. ಹೊಗೆ ಗೊಳವೆಯೊಳಗಿಂದಲೇ ವಾಪಸು ಬಂದು ನನ್ನ ಗಂಟಲು ಸೇರಿತು. ಎರಡು ಹೊರೆ ಒಣ ಕಟ್ಟಿಗೆಯಿಂದ ಮೂರು ದೇಗ್ ಬೇಯುವುದಿಲ್ಲ. ಅದನ್ನು ಖಾಲಾ ಒಂದೇ ನೋಟಕ್ಕೆ ಅಳೆದಿದ್ದರು. ಒಂದು ಹೊರೆಯನ್ನು ಕೊನೆಗೆ ಮುಚ್ಚಳ ಬಿಗಿದು ಬೇಯಿಸುವ ದಮ್ಮಿಗೆಂದು ಎತ್ತಿಟ್ಟರು. ಆಗ ಉರಿ ಬೇಡ, ಕೆಂಡ ಬೇಕು, ಹಸಿ ಕಟ್ಟಿಗೆ ಕೆಂಡವಾಗುವಷ್ಟು ಹೊತ್ತು ನಮಗಿರಲಿಲ್ಲ. ಇನ್ನೊಂದು ಹೊರೆಯಿಂದ ಉರಿ ಎಬ್ಬಿಸಿ, ಹಸಿ ಕಟ್ಟಿಗೆಯನ್ನು ಹೆಬ್ಬೆರಳಿನ ದಪ್ಪಕ್ಕೆ ಸೀಳಿ, ಒಲೆಯ ಅಂಚಿಗೆ ಸುತ್ತ ನಿಲ್ಲಿಸಿ, ಬೆವರು ಬಿಟ್ಟ ಮೇಲೆ ಒಳಗೆ ತಳ್ಳಬೇಕು. ಗಾಳಿ ಬರುವ ಕಡೆಗೆ ಒಂದು ತಗಡು ನಿಲ್ಲಿಸಿ ಹೊಗೆ ದೇಗಿನ ಬಾಯಿಗೆ ಹೋಗದಂತೆ ತಿರುಗಿಸಿದರು. ಒಂದು ಒಲೆಯನ್ನು ಆರಿಸಿಬಿಟ್ಟು, ಎರಡರಲ್ಲೇ ಸರದಿ ಹಾಕಿದರು. ಇದನ್ನೆಲ್ಲ ಹೇಳಿದ್ದು ಬಾಯಿಂದಲ್ಲ, ಸೌಟಿನಿಂದ. ಸೌಟು ಎತ್ತ ತೋರಿಸಿದರೆ ನಾನು ಅತ್ತ.

ಸೀಳುವುದರಲ್ಲಿ ನನಗೊಂದು ಅದೃಷ್ಟವಿತ್ತು. ಜಾಲಿ ಒಣಗಿದ ಮೇಲೆ ಕಲ್ಲು, ಹಸಿಯಿರುವಾಗ ಬೇಗ ಬಾಯಿ ಬಿಡುತ್ತದೆ. ಆದರೂ ಮೊದಲ ಹತ್ತು ಏಟಿಗೆ ಕೊಡಲಿ ಏಳು ಸಲ ಕಚ್ಚಿಕೊಂಡಿತು. ಎಣಿಸಿದ್ದು ಖಾಲಾರ ತಂಗಿ. ಗಟ್ಟಿಯಾಗಿಯೇ ಎಣಿಸುತ್ತಿದ್ದಳು. ಆಮೇಲೆ ಕಾಕಾ ಹೇಗೆ ನಿಲ್ಲುತ್ತಾನೆಂದು ನೆನಪಿಸಿಕೊಂಡೆ. ದನಿಯನ್ನಲ್ಲ, ಕಾಲುಗಳನ್ನು. ಅಗಲಿಸಿ ನಿಂತು, ತುದಿಯ ಬಿರುಕು ನೋಡಿ, ಕೊಡಲಿಯ ಭಾರಕ್ಕೇ ಬಿಟ್ಟುಕೊಟ್ಟೆ. ಸೀಳಿತು. ಹ್ಹಕ್ ಎಂದು ತಾನೇ ಬಂತು. ಅದು ಕಾಕಾನ ಹ್ಹಕ್ಕಿನಂತಿರಲಿಲ್ಲ, ಕೋಳಿ ಸೀನಿದಂತಿತ್ತು.

ನಡುವೆ ಹುಡುಗಿಯ ದೊಡ್ಡಪ್ಪ ಬಂದು ನಿಂತರು. ಇಸ್ತ್ರಿ ಶೇರ್ವಾನಿ, ಮೂಗಿಗೆ ಕರವಸ್ತ್ರ. ದೇಗುಗಳನ್ನು ನೋಡಿದರು, ಹೊಗೆ ನೋಡಿದರು, ಕೈಗಡಿಯಾರ ನೋಡಿದರು. ಆಗುತ್ತದೋ ಇಲ್ಲವೋ ಈಗಲೇ ಹೇಳಿ, ಹೋಟೆಲಿಗೆ ಫೋನು ಮಾಡುತ್ತೇನೆ ಎಂದು ಅವರ ಮಾತಿನ ಸಾರ. ಕೊನೆಯದು ಮಾತ್ರ ನನಗೆ ಹಾಗೇ ನೆನಪಿದೆ:

"ಹೋತಾ ಕ್ಯಾ ನೈ ಹೋತಾ?"

ಖಾಲಾ ಬೇಯುತ್ತಿದ್ದ ಒಂದು ಅಕ್ಕಿಕಾಳನ್ನು ಬೆರಳಲ್ಲಿ ಹಿಸುಕಿ ನೋಡುತ್ತಿದ್ದರು. ಕತ್ತು ತಿರುಗಿಸಲಿಲ್ಲ.

"ಹೋತಾ."

ದೊಡ್ಡಪ್ಪ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರು. ಅವರು ಹೋದ ಮೇಲೆ ಖಾಲಾ ಅದೇ ದೇಗಿನಿಂದ ಇನ್ನೊಂದು ಕಾಳು ತೆಗೆದು ಮತ್ತೆ ಹಿಸುಕಿದ್ದು ನನಗೆ ಕಂಡಿತು. ನಾನು ಕಂಡದ್ದು ಅವರಿಗೆ ಕಂಡಿತು. ಸೌಟು ಕೊಡಲಿಯ ಕಡೆ ತೋರಿಸಿತು.

ಮುಚ್ಚಳಕ್ಕೆ ಹಿಟ್ಟಿನ ಕಟ್ಟು ಕಟ್ಟಿ, ಒದ್ದೆ ಬಟ್ಟೆ ಸುತ್ತಿ, ಎತ್ತಿಟ್ಟ ಹೊರೆಯ ಕೆಂಡವನ್ನು ಮುಚ್ಚಳದ ಮೇಲೆ ಹರವಿದಾಗ ಮಸೀದಿಯಿಂದ ಬಾಂಗ್ ಕೇಳಿಸಿತು. ನಮಾಜ್ ಮುಗಿದು ಜನ ಬಂದು ಕೂತರು. ಖಾಲಾ ಮೊದಲ ದೇಗಿನ ಹಿಟ್ಟು ಒಡೆದು, ಮುಚ್ಚಳ ಸರಿಸಿ, ಮುಖ ಒಳಗೆ ಬಗ್ಗಿಸಿ ಉಸಿರು ಎಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು. ಬಡಿಸುವವರಿಗೆ ಹೂಂ ಎಂದರು.

ಪೆಂಡಾಲಿನ ಬಟ್ಟೆಯ ಸಂದಿಯಿಂದ ನಾವು ಮೂವರೂ ಒಬ್ಬರನ್ನೇ ನೋಡುತ್ತಿದ್ದೆವು. ದೊಡ್ಡಪ್ಪ ಒಂದು ತುತ್ತು ಮೂಗಿನ ಹತ್ತಿರ ಹಿಡಿದರು, ಬಾಯಿಗಿಟ್ಟರು, ಅಗಿದರು. ಪಕ್ಕದವರ ಜೊತೆ ಬೇರೆ ಏನೋ ಮಾತಾಡಿದರು. ಆಮೇಲೆ ಕೈ ಎತ್ತಿ, ಬಡಿಸುವವನನ್ನು ಕರೆದು, ಎರಡನೆಯ ಸಲ ಹಾಕಿಸಿಕೊಂಡರು. ಖಾಲಾ ಸೆರಗಿನಿಂದ ಮುಖ ಒರೆಸಿಕೊಂಡು ನೆಲದ ಮೇಲೆ ಕೂತರು. ಬೆಳಗಿನಿಂದ ಅವರು ಕೂತದ್ದು ಅದೇ ಮೊದಲು.

ಅಷ್ಟು ಹೊತ್ತಿಗೆ ಮಾವ ಬಂದ. ಕಾಕಾ ಫೋನು ಮಾಡಿ ಎಲ್ಲ ಹೇಳಿದ್ದ. ಕುರ್ಡಿಯಿಂದ ಬೈಕು ಓಡಿಸಿಕೊಂಡು ಬಂದವನ ಮೈತುಂಬ ಗರಗಸದ ಹೊಟ್ಟು, ಬೆನ್ನಿಗೆ ಮಷಿನ್ನಿನ ಗೋಣಿಚೀಲ. ನನ್ನನ್ನು ಹುಡುಕಿದ. ನಾನು ಅವನ ಮುಂದೆಯೇ ನಿಂತಿದ್ದೆ, ಮಸಿಯಿಂದಾಗಿ ಗುರುತು ಸಿಗಲಿಲ್ಲ. ಹುಬ್ಬು ಸುಟ್ಟಿತ್ತು, ತುಟಿ ಊದಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಸಿಕ್ಕ ಮೇಲೆ ಮಾವ ಮೂರು ಸಲ ಕೆಮ್ಮಿದ. ನಾಲ್ಕನೆಯದು ನನಗೆ ಬರುವುದಿತ್ತು, ಆದರೆ ಅವನು ಖಾಲಾರ ಕಡೆ ತಿರುಗಿ ಕೈ ಮುಗಿದ.

"ಖಾಲಾ, ನಿಮ್ಮ ಮುಂದ ಮುಖ ಎತ್ತೋ ಹಂಗಿಲ್ಲ. ಈ ಹಲ್ಕಟ್ ಸೂಳೀಮಗನ್ನ ಏನ್ ಮಾಡ್ಲಿ, ನೀವೇ ಹೇಳ್ರಿ. ಸೀಳಿ ಒಲಿಗಿ ಹಾಕ್ಲೇನು?"

ಖಾಲಾ ಒಂದು ತಟ್ಟೆಗೆ ಬಿರಿಯಾನಿ ಹಾಕಿ, ಅಂಚಿನಲ್ಲಿ ಒಂದು ತುಂಡು ಮಾಂಸ ಸರಿಸಿ, ತಟ್ಟೆಯನ್ನು ನನ್ನ ಮುಂದೆ ತಳ್ಳಿದರು.

"ಹಾಕಿ ಆಗ್ಯದ ಭಾಯ್," ಎಂದರು. "ನಿಮ್ಮ ಕಟ್ಟಿಗಿಗಿಂತ ಚೊಲೋ ಉರದಾನ."